ಬಿಯರ್‌ಗೆ ಮರ ಮತ್ತು ಚಹಾ ಸೇರಿಸಿದರೆ ಅದು ಔಷಧಿಯಾಗುತ್ತದೆಯೇ?

ಕ್ರಾಫ್ಟ್ ಬಿಯರ್ ಈಗ ಬೆಂಗಳೂರಿನವರಿಗೆ ಹೊಸದಲ್ಲ. ಅದರ ಜೊತೆಗೇ ಕೆಲವು ನಂಬಿಕೆಗಳೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಮರದಲ್ಲಿ ಹದ ಮಾಡಿದ ಬಿಯರ್ ‘ನ್ಯಾಚುರಲ್’, ಚಹಾ ಹಾಕಿದ ಬಿಯರ್‌ನಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ, ಬಿಯರ್ ಕುಡಿದರೆ ಕಿಡ್ನಿ ಕಲ್ಲು ಹೋಗುತ್ತದೆ ಎನ್ನುವವರಿದ್ದಾರೆ. ಇನ್ನೊಂದು ಕಡೆ, ಮರದ ಬಿಯರ್‌ನಲ್ಲಿ ವಿಷವಿದೆ ಎಂದು ಹೆದರಿಸುವವರೂ ಇದ್ದಾರೆ. ಇವುಗಳಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಇಂಥ ಬಿಯರ್ ನಿಜವಾಗಿಯೂ ಇದೆಯೇ?

ಇದೆ. ಇದರ ಬೇರು ಫಿನ್ಲೆಂಡ್‌ನಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ‘ಸಾಹ್ತಿ’ ಎಂಬ ಬಿಯರ್ ಅನ್ನು ತಲೆಮಾರುಗಳಿಂದ ಮನೆಯಲ್ಲೇ ಮಾಡುತ್ತಾರೆ. ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ಸಿಹಿ ರಸವನ್ನು ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಂಥ ಪಾತ್ರೆಯಲ್ಲಿ ಸೋಸುತ್ತಾರೆ. ಅದರ ಹೆಸರು ‘ಕೂರ್ನಾ’. ಜರಡಿಯ ಬದಲು ಅದರ ತಳಕ್ಕೆ ಜುನಿಪರ್ ಗಿಡದ ರೆಂಬೆಗಳನ್ನು ಹಾಸುತ್ತಾರೆ. ಜಿನ್ ಎಂಬ ಮದ್ಯಕ್ಕೆ ಪರಿಮಳ ಕೊಡುವುದು ಇದೇ ಗಿಡದ ಕಾಯಿ. ಕೊನೆಗೆ ಬ್ರೆಡ್ಡಿಗೆ ಹಾಕುವ ಯೀಸ್ಟ್‌ನಿಂದಲೇ ಹುಳಿಸುತ್ತಾರೆ. 2002ರಲ್ಲಿ ಯುರೋಪಿಯನ್ ಒಕ್ಕೂಟ ಸಾಹ್ತಿಗೆ ಸಾಂಪ್ರದಾಯಿಕ ಉತ್ಪನ್ನವೆಂಬ ಅಧಿಕೃತ ಮಾನ್ಯತೆ ಕೊಟ್ಟಿತು.

ಇದಕ್ಕೆ ಚಹಾ ಸೇರಿದ್ದು ಅಮೆರಿಕದಲ್ಲಿ. ಡೆಲವೇರ್ ರಾಜ್ಯದ ಡಾಗ್‌ಫಿಶ್ ಹೆಡ್ ಎಂಬ ಕಂಪನಿ ಸಾಹ್ತಿಯ ಮಾದರಿಯಲ್ಲಿ ‘ಸಾಹ್‌ಟೀ’ ಎಂಬ ಬಿಯರ್ ತಂದಿತು. ಕೆಂಪಗೆ ಕಾಯಿಸಿದ ಕಲ್ಲುಗಳನ್ನು ರಸದೊಳಗೆ ಹಾಕಿ ಸಕ್ಕರೆಯ ಅಂಶ ಕಂದುವಂತೆ ಮಾಡುವುದು, ಜುನಿಪರ್ ಕಾಯಿ ಹಾಕುವುದು, ಕೊನೆಗೆ ಕಪ್ಪು ಚಹಾದ ಜೊತೆ ಏಲಕ್ಕಿ, ಶುಂಠಿ, ಲವಂಗ, ಕಾಳುಮೆಣಸಿನ ಕಷಾಯ ಬೆರೆಸುವುದು ಅದರ ವಿಧಾನ. ಅಂದರೆ ನಮ್ಮ ಮಸಾಲೆ ಚಹಾದ ಸಾಮಾನೇ!

ನಾಲಿಗೆಗೆ ಏನು ಸಿಗುತ್ತದೆ?

ಇಂಥ ಬಿಯರ್‌ನ ಗುಟುಕಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ.

ಮೊದಲನೆಯದು ಯೀಸ್ಟ್‌ನ ಕೆಲಸ. ಸಾಹ್ತಿಯಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದೆ, ಆದರೆ ಯಾರೂ ಅದಕ್ಕೆ ಬಾಳೆಹಣ್ಣು ಹಾಕಿರುವುದಿಲ್ಲ. ಯೀಸ್ಟ್ ತಯಾರಿಸುವ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕವೇ ಮಾಗಿದ ಬಾಳೆಹಣ್ಣಿನಲ್ಲೂ ಇರುತ್ತದೆ.

ಎರಡನೆಯದು ಮರ. ಓಕ್ ಮರದ ಪೀಪಾಯಿ ಮಾಡುವಾಗ ಒಳಗೋಡೆಯನ್ನು ಬೆಂಕಿಯಲ್ಲಿ ಸುಡುತ್ತಾರೆ. ಆಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಬಿಡುಗಡೆಯಾಗುತ್ತದೆ. ಐಸ್‌ಕ್ರೀಮಿನ ವೆನಿಲಾ ಪರಿಮಳ ಇದೇ. ಓಕ್‌ನಲ್ಲಿರುವ ಲ್ಯಾಕ್ಟೋನ್‌ಗಳು ತೆಂಗಿನಕಾಯಿಯ ಪರಿಮಳ ಕೊಡುತ್ತವೆ. ಯೂಜಿನಾಲ್ ಲವಂಗದ ಪರಿಮಳ ಕೊಡುತ್ತದೆ. ನಿಜವಾದ ಲವಂಗದಲ್ಲಿ ಇರುವುದೂ ಅದೇ ಯೂಜಿನಾಲ್. ಮರಕ್ಕೂ ಮಸಾಲೆ ಚಹಾಕ್ಕೂ ಹೊಂದಿಕೆಯಾಗುವುದು ಇದರಿಂದಲೇ.

ಮೂರನೆಯದು ಒಗರು. ಬಾಳೆಕಾಯಿ, ನೆಲ್ಲಿಕಾಯಿ, ಎಳೆ ಅಡಿಕೆ ಅಗಿದಾಗ ಬಾಯಿ ಒಣಗಿದಂತಾಗುತ್ತದಲ್ಲ, ಅದೇ. ಇದು ಕಹಿಯಲ್ಲ, ನಾಲಿಗೆಯ ರುಚಿ ಮೊಗ್ಗುಗಳಿಗಿಂತ ಸ್ಪರ್ಶಕ್ಕೆ ಹೆಚ್ಚು ಸಂಬಂಧಿಸಿದ್ದು. ಚಹಾ ಮತ್ತು ಮರ ಎರಡರಲ್ಲೂ ಇರುವ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತವೆ. ಎಂಜಲಿನ ಜಾರುತನ ಕಡಿಮೆಯಾಗಿ ಬಾಯಿ ಒರಟೆನಿಸುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ತಗ್ಗುವುದೂ ಹೀಗೆಯೇ: ಟ್ಯಾನಿನ್‌ಗಳು ಹಾಲಿನ ಪ್ರೋಟೀನಿಗೆ ಮೊದಲೇ ಅಂಟಿಕೊಂಡಿರುತ್ತವೆ. ಬಿಯರ್‌ಗೆ ಹಾಲು ಹಾಕುವಂತಿಲ್ಲ. ಆದ್ದರಿಂದ ಚಹಾ ಸ್ವಲ್ಪ ಹೆಚ್ಚು ಹೊತ್ತು ನೆನೆದರೂ ಇಡೀ ಬಿಯರ್ ಒಗರಾಗುತ್ತದೆ.

ಬಿಯರ್ ಮುಟ್ಟದವರೂ ಒಂದು ಪ್ರಯೋಗ ಮಾಡಬಹುದು. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಅಗಿಯಿರಿ. ಘಾಟು ಮಾತ್ರ ತಿಳಿಯುತ್ತದೆ. ಮೂಗು ಬಿಡಿ, ತಕ್ಷಣ ಏಲಕ್ಕಿ ‘ರುಚಿ’ ಬರುತ್ತದೆ. ನಾವು ರುಚಿ ಅನ್ನುವುದರ ಬಹುಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆ. ತೀರಾ ತಣ್ಣಗಿನ ಬಿಯರ್‌ನಲ್ಲಿ ಮರದ ಪರಿಮಳ ಗೊತ್ತಾಗದಿರಲು ಕಾರಣವೂ ಇದೇ. ತಂಪಿನಲ್ಲಿ ವಾಸನೆಯ ಕಣಗಳು ಹೆಚ್ಚು ಮೇಲೇಳುವುದಿಲ್ಲ.

ನಂಬಿಕೆ 1: ಮರದ ಬಿಯರ್‌ನಲ್ಲಿ ವಿಷಕಾರಿ ಮಿಥೆನಾಲ್ ಇರುತ್ತದೆ

ತಪ್ಪು. ಮಿಥೆನಾಲ್‌ಗೆ ‘ಮರದ ಮದ್ಯಸಾರ’ ಎಂಬ ಹಳೆಯ ಹೆಸರಿದೆ, ಗೊಂದಲ ಹುಟ್ಟಿರುವುದು ಅಲ್ಲಿಂದ. ಹಿಂದೆ ಮರವನ್ನು ಗಾಳಿಯಾಡದಂತೆ ಮುಚ್ಚಿ, ಜೋರಾಗಿ ಕಾಯಿಸಿ ಅದನ್ನು ತೆಗೆಯುತ್ತಿದ್ದರು. ಬಿಯರ್ ಅನ್ನು ಮರದ ಪೀಪಾಯಿಯಲ್ಲಿಟ್ಟರೆ ಹಾಗಾಗುವುದಿಲ್ಲ. ಕರ್ನಾಟಕದಲ್ಲಿ 1981 ಮತ್ತು 2008ರಲ್ಲಿ ನಡೆದಂಥ ಕಳ್ಳಭಟ್ಟಿ ದುರಂತಗಳು ವಿಷ ಬೆರೆತ ಅಕ್ರಮ ಮದ್ಯದ ಕಥೆ. ಅದಕ್ಕೂ ಮರದ ಪೀಪಾಯಿಗೂ ಸಂಬಂಧವಿಲ್ಲ.

ಹಾಗೆಂದು ಕೈಗೆ ಸಿಕ್ಕ ಮರದ ತುಂಡನ್ನು ಮದ್ಯದಲ್ಲಿ ನೆನೆಸುವುದು ಅಪಾಯ. ಪೀಠೋಪಕರಣದ ಮರಕ್ಕೆ ಗೆದ್ದಲು ನಾಶಕ, ಬಣ್ಣ, ಪಾಲಿಶ್ ಹಚ್ಚಿರಬಹುದು. ಕೆಲವು ಮರಗಳು ಸ್ವಭಾವತಃ ವಿಷಕಾರಿ.

ನಂಬಿಕೆ 2: ಚಹಾ ಇರುವುದರಿಂದ ಆರೋಗ್ಯಕ್ಕೆ ಒಳ್ಳೆಯದು

ಚಹಾದಲ್ಲಿ ಪಾಲಿಫಿನಾಲ್‌ಗಳಿವೆ ಎಂಬುದು ನಿಜ. ಆದರೆ ಅವು ಮದ್ಯಸಾರವನ್ನು ಅಳಿಸಿಹಾಕುವುದಿಲ್ಲ. 330 ಮಿಲಿ ಲೀಟರಿನ ಶೇ 5ರ ಬಿಯರ್‌ನಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿರುತ್ತದೆ. ಸಾಹ್ತಿಯಂತೆ ಶೇ 8ರಷ್ಟು ಗಟ್ಟಿ ಇದ್ದರೆ ಸುಮಾರು 21 ಗ್ರಾಂ. ದೇಹ ಇದನ್ನು ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ. ಅದು ಡಿಎನ್‌ಎಗೆ ಹಾನಿ ಮಾಡುವ ವಸ್ತು. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಚಹಾದ ಒಳ್ಳೆಯ ಗುಣ ಬೇಕಿದ್ದರೆ ಚಹಾವನ್ನೇ ಕುಡಿಯಬಹುದು.

ನಂಬಿಕೆ 3: ಚಹಾದ ಕೆಫೀನ್ ಇರುವುದರಿಂದ ಅಮಲೇರುವುದಿಲ್ಲ

ಇದು ಎಲ್ಲಕ್ಕಿಂತ ಅಪಾಯಕಾರಿ. ಕೆಫೀನ್ ನಿದ್ದೆಯ ಭಾವವನ್ನು ತಡೆಯುತ್ತದೆ, ರಕ್ತದಲ್ಲಿರುವ ಮದ್ಯಸಾರವನ್ನು ಕಡಿಮೆ ಮಾಡುವುದಿಲ್ಲ. ಮದ್ಯಸಾರವನ್ನು ಕರಗಿಸುವ ಕೆಲಸ ಬಹುಪಾಲು ಯಕೃತ್ತಿನದು. ಅದು ಗಂಟೆಗೆ ಸುಮಾರು 7ರಿಂದ 10 ಗ್ರಾಂನಂತೆ ತನ್ನದೇ ವೇಗದಲ್ಲಿ ನಡೆಯುತ್ತದೆ. ಅಂದರೆ ಗಟ್ಟಿ ಬಿಯರ್ ಒಂದೇ ಗ್ಲಾಸ್ ಕುಡಿದರೂ ಪೂರ್ತಿ ಇಳಿಯಲು ಎರಡು–ಮೂರು ಗಂಟೆ ಬೇಕು. ಎಚ್ಚರವಾಗಿದ್ದೇನೆ ಅನಿಸುತ್ತದೆ, ಆದರೆ ಕೈಕಾಲು ನಿಧಾನವಾಗಿರುತ್ತವೆ. ಹೀಗೆ ಕೆಫೀನ್ ಬೆರೆಸಿದ ಮದ್ಯಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ನವೆಂಬರಿನಲ್ಲಿ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಚಹಾ ಬಿಯರ್‌ನಲ್ಲಿ ಕೆಫೀನ್ ಅವುಗಳಿಗಿಂತ ಬಹಳ ಕಡಿಮೆ ಇರಬಹುದು. ಆದರೆ ‘ಚಹಾ ಇದೆ, ಗಾಡಿ ಓಡಿಸಬಹುದು’ ಎಂಬ ಧೈರ್ಯವೇ ಕುತ್ತು ತರುತ್ತದೆ. ನಮ್ಮಲ್ಲಿ ಕಾನೂನಿನ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಉಸಿರಿನ ಪರೀಕ್ಷೆಯ ಯಂತ್ರ ಚಹಾ ಇದೆಯೇ ಎಂದು ಕೇಳುವುದಿಲ್ಲ.

ನಂಬಿಕೆ 4: ಬಿಯರ್ ಕಿಡ್ನಿ ಕಲ್ಲನ್ನು ಕರಗಿಸುತ್ತದೆ

ಇಲ್ಲ. ಬಿಯರ್ ಕುಡಿದರೆ ಮೂತ್ರ ಹೆಚ್ಚು ಬರುತ್ತದೆ, ಅಷ್ಟೇ. ಕಲ್ಲು ಅದರಿಂದ ಕರಗುವುದಿಲ್ಲ. ಮೇಲಾಗಿ ಬಿಯರ್‌ನಲ್ಲಿರುವ ಪ್ಯೂರಿನ್‌ಗಳು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ. ಕೆಲವು ಕಲ್ಲುಗಳು ಆ ಆಮ್ಲದಿಂದಲೇ ಆಗುವುದು. ಕಪ್ಪು ಚಹಾದಲ್ಲಿ ಆಕ್ಸಲೇಟ್ ಇದೆ, ಇನ್ನು ಕೆಲವು ಕಲ್ಲುಗಳು ಅದರಿಂದ ಆಗುತ್ತವೆ. ಹೀಗಾಗಿ ಕಿಡ್ನಿ ಕಲ್ಲಿಗೆ ಚಹಾ ಬಿಯರ್ ಮದ್ದಾಗುವ ಮಾತೇ ಇಲ್ಲ. ಕಲ್ಲು ಮೂತ್ರನಾಳವನ್ನು ಕಟ್ಟಿಕೊಂಡಿದ್ದಾಗ ಬಿಯರ್ ಕುಡಿದು ಕಾಯುತ್ತಾ ಕೂತರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಪಕ್ಕೆನೋವಿನ ಜೊತೆ ಜ್ವರ ಅಥವಾ ಚಳಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮರ, ಚಹಾ, ಏಲಕ್ಕಿ ಸೇರಿದ ಬಿಯರ್ ರುಚಿಯಲ್ಲಿ ಸ್ವಾರಸ್ಯದ್ದು ಎಂಬುದರಲ್ಲಿ ಅನುಮಾನವಿಲ್ಲ. ಅದರ ಹಿಂದೆ ಹಳ್ಳಿಯವರ ಜಾಣತನವಿದೆ, ಒಳ್ಳೆಯ ರಸಾಯನಶಾಸ್ತ್ರವೂ ಇದೆ. ಆದರೆ ಬದಲಾಗುವುದು ರುಚಿ ಮಾತ್ರ, ಮದ್ಯಸಾರ ಮದ್ಯಸಾರವಾಗಿಯೇ ಉಳಿಯುತ್ತದೆ. ಕುಡಿಯದವರು ‘ಗಿಡಮೂಲಿಕೆ’ ಎಂಬ ಮಾತು ಕೇಳಿ ಶುರು ಮಾಡಬೇಕಾಗಿಲ್ಲ. ಕುಡಿಯುವವರು ಬಾಟಲಿಯ ಮೇಲಿನ ಶೇಕಡಾವಾರು ನೋಡಲಿ, ಗಾಡಿಯ ಕೀಲಿಯನ್ನು ಬೇರೆಯವರ ಕೈಗೆ ಕೊಡಲಿ. ಕಿಡ್ನಿ ಕಲ್ಲಿನ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸದೆ ಅಲ್ಲಿಯೇ ನಿಲ್ಲಿಸಿ. ಆ ಗುಂಪಿನಲ್ಲಿ ನೋವಿನಿಂದ ಬಳಲುತ್ತಿರುವ ಒಬ್ಬರು ಅದನ್ನು ನಿಜವೆಂದು ನಂಬಿಬಿಡಬಹುದು.