ಆನೆಯ ಚಿನ್ನ, ನಮ್ಮ ರೈಲು

ಕೊಚ್ಚಿಗೆ ಬರುವ ನೆಂಟರ ಪಟ್ಟಿ ಯಾವಾಗಲೂ ಒಂದೇ: ಫೋರ್ಟ್ ಕೊಚ್ಚಿ, ಚೀನೀ ಬಲೆ, ಲುಲು ಮಾಲ್. ಕಾಕ್ಕನಾಡಿನಲ್ಲಿರುವ ನಾವು ಅದಕ್ಕೆ ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸನ್ನೂ ಸೇರಿಸಬೇಕು. ನಮ್ಮಿಂದ ಹತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. 2024ರಿಂದ ತೃಪ್ಪೂಣಿತ್ತುರಕ್ಕೆ ಮೆಟ್ರೊ ಕೂಡ ಇದೆ. ಸೋಮವಾರ ಮಾತ್ರ ಹೋಗಬೇಡಿ, ಅಂದು ರಜೆ.

ಮೈಸೂರು ಅರಮನೆ ನೋಡಿದ ಕಣ್ಣಿಗೆ ಇದು ಅರಮನೆ ಅನ್ನಿಸುವುದೇ ಇಲ್ಲ. ಹೆಂಚಿನ ಮಾಡು, ಬಿಳಿ ಗೋಡೆ, ಉದ್ದದ ಜಗಲಿ. 1865ರಲ್ಲಿ ಕೊಚ್ಚಿಯ ಅರಸರು ಕಟ್ಟಿಸಿದ್ದು. 54 ಎಕರೆಯಲ್ಲಿ 49 ಕಟ್ಟಡಗಳು. ಮಕ್ಕಳಿಗೆ ಜಿಂಕೆವನ ಇದೆ, ನಮಗೆ ಮರದ ನೆರಳಿದೆ. ‘ಆಪ್ತಮಿತ್ರ’ದ ಮೂಲ, ‘ಮಣಿಚಿತ್ರತ್ತಾಳ್’ ಚಿತ್ರೀಕರಣ ನಡೆದದ್ದು ಇಲ್ಲೇ ಅಂದರೆ ಹೆಂಡತಿಯ ಕಡೆಯವರೂ ಉತ್ಸಾಹದಿಂದ ಮೆಟ್ಟಿಲು ಹತ್ತುತ್ತಾರೆ!

ಇಷ್ಟೊಂದು ಕಟ್ಟಡ ಯಾಕೆ? ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿಯದೂ ನಮ್ಮ ಅಳಿಯಸಂತಾನದ ಹಾಗೆಯೇ, ತಾಯಿಯ ಕಡೆಯಿಂದ ಬರುವ ಕುಟುಂಬ. ಅರಸನ ಮಗ ಅರಸನಾಗುವುದಿಲ್ಲ, ಕುಟುಂಬದ ಹಿರಿಯ ಗಂಡಸಿಗೆ ಪಟ್ಟ. ಹಾಗಾಗಿ ಮನೆ ಒಬ್ಬನದಲ್ಲ, ಎಲ್ಲರದು. ಎಲ್ಲರದಾದ ಮನೆಯ ಮಾಡು ಸೋರಿದರೆ ಯಾರು ಹೆಂಚು ಹಾಕಿಸುವುದು? ನಮ್ಮ ಗುತ್ತಿನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ವರ್ಷದಿಂದ ಇದೇ ಚರ್ಚೆ. ಹಕ್ಕುದಾರರು ಮುಂಬಯಿ, ಬೆಂಗಳೂರು, ದುಬಾಯಿಯಲ್ಲಿ. ಸೇರುವುದು ನೇಮದ ದಿನ ಮಾತ್ರ. ಮಾರೋಣ ಅನ್ನುವವರು ಕೆಲವರು, ಮಾರಿದರೆ ದೈವ ಬಿಡುತ್ತದಾ ಅನ್ನುವವರು ಕೆಲವರು.

ಹಿಲ್ ಪ್ಯಾಲೇಸನ್ನು 1980ರಲ್ಲಿ ಕೇರಳದ ಪುರಾತತ್ವ ಇಲಾಖೆ ವಹಿಸಿಕೊಂಡಿತು, 1986ರಲ್ಲಿ ಮ್ಯೂಸಿಯಂ ತೆರೆಯಿತು. ಅರಸರ ಚಿನ್ನದ ಕಿರೀಟ ಈಗ ಗಾಜಿನ ಹಿಂದೆ. ಕೊಚ್ಚಿಯ ಅರಸರು ಅದನ್ನು ತಲೆಗೆ ಇಡುತ್ತಿರಲಿಲ್ಲ, ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು ಎನ್ನುತ್ತಾರೆ.

ಆದರೆ ಈ ಮನೆತನದ ದೊಡ್ಡ ಆಸ್ತಿ ಗಾಜಿನ ಹಿಂದೆ ಇಲ್ಲ. 1895ರಲ್ಲಿ ಪಟ್ಟಕ್ಕೆ ಬಂದ ರಾಜರ್ಷಿ ರಾಮವರ್ಮ, ಕೊಚ್ಚಿಗೆ ರೈಲು ತರಲು ದುಡ್ಡು ಸಾಲದೆ, ಪೂರ್ಣತ್ರಯೀಶ ದೇವಸ್ಥಾನದ ಆನೆಗಳ ಹದಿನೈದು ಚಿನ್ನದ ಹಣೆಪಟ್ಟಗಳಲ್ಲಿ ಹದಿನಾಲ್ಕನ್ನು ಮಾರಿದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. 1902ರಲ್ಲಿ ಶೋರನೂರಿನಿಂದ ಎರ್ನಾಕುಲಕ್ಕೆ ರೈಲು ಬಂತು. 1914ರಲ್ಲಿ ಅವರು ತಾವಾಗಿಯೇ ಸಿಂಹಾಸನ ಬಿಟ್ಟರು. ಇವತ್ತು ನಾವು ಎರ್ನಾಕುಲದಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿಯುವ ರೈಲು ಶೋರನೂರಿನವರೆಗೆ ಓಡುವುದು ಅವರು ತಂದ ಆ ದಾರಿಯಲ್ಲೇ.

ದೇವರ ಚಿನ್ನ ಮಾರುವಾಗ ಆ ಅರಸರಿಗೂ ‘ಬೇಡ’ ಅಂದವರು ಇದ್ದಿರಲೇಬೇಕು. ಅವರು ಹದಿನೈದನ್ನೂ ಮಾರಲಿಲ್ಲ, ಒಂದನ್ನು ಉಳಿಸಿಕೊಂಡರು. ನನಗೆ ಹಿಡಿಸಿದ್ದು ಆ ಲೆಕ್ಕ. ದೈವದ ಚಾವಡಿ ಮತ್ತು ಬಾವಿ ನಮಗಿರಲಿ, ಉಳಿದ ಕಟ್ಟಡವನ್ನು ರಿಪೇರಿ ಮಾಡಿಸಿ ಊರಿನ ಅಂಗನವಾಡಿಗೂ ವಾಚನಾಲಯಕ್ಕೂ ಕೊಡೋಣ ಎಂದು ಗುಂಪಿನಲ್ಲಿ ಬರೆದಿದ್ದೇನೆ. ದೊಡ್ಡಮಾವ ಓದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಊರಿನ ಮನೆಗೆ ನೀವೇನು ಮಾಡಿದ್ದೀರಿ? ಬರೆಯಿರಿ.