ಬಾಯಾರಿದ ಮೇಲೆ ಬಾವಿ ತೋಡಬಾರದು

ಜ್ವರಕ್ಕೆ ಔಷಧ ಕೊಡುವ ವೈದ್ಯರನ್ನು ನಾವೆಲ್ಲ ಬಲ್ಲೆವು. ಆದರೆ ಆ ಜ್ವರ ಯಾವುದೆಂದು ಪತ್ತೆಹಚ್ಚುವ ಪ್ರಯೋಗಾಲಯದವರನ್ನು ಬಲ್ಲವರು ವಿರಳ. ಪಿಡುಗು ಬಂದಾಗ ಮಾತ್ರ ನಮಗೆ ಅವರ ನೆನಪಾಗುತ್ತದೆ.

2020ರ ಮಾರ್ಚ್ ತಿಂಗಳನ್ನು ನೆನೆಯೋಣ. ಕೊರೊನಾ ಶಂಕೆಯಿದ್ದವರ ಗಂಟಲ ದ್ರವವನ್ನು ಆಗ ಗೋವೆಯಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳುಹಿಸಬೇಕಾಗಿತ್ತು. ವರದಿ ಬರುವವರೆಗೆ ರೋಗಿಗೂ ಮನೆಯವರಿಗೂ ಆತಂಕ. ಕೊನೆಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ವೈದ್ಯರ ತಂಡವೊಂದು ನೌಕಾದಳದ ವಿಮಾನದಲ್ಲಿ ಪುಣೆಗೆ ಹೋಗಿ ತರಬೇತಿ ಪಡೆಯಿತು. ಅನಂತರ ಇಲ್ಲಿಯೇ ಪರೀಕ್ಷೆ ಆರಂಭವಾಯಿತು. ಆ ಶ್ರಮಕ್ಕೆ ನಮ್ಮ ನಮನಗಳು. ಆದರೂ ಪಿಡುಗು ಬಾಗಿಲಿಗೆ ಬಂದ ಮೇಲೆ ವಿಮಾನ ಹತ್ತಬೇಕಾದುದು ನಮಗೆ ಪಾಠವಾಗಬೇಡವೆ?

ಅದೇ ವರ್ಷ ಜೂನ್‌ನಲ್ಲಿ ವಾಸ್ಕೋದ ಮಾಂಗೋರ್ ಹಿಲ್ ನಿರ್ಬಂಧಿತ ವಲಯವಾಯಿತು. ಅಂಥ ಕಡೆ ದಿನಗೂಲಿ ನಂಬಿದ ಮನೆಗೆ ವರದಿ ಒಂದು ದಿನ ತಡವಾದರೆ ಒಂದು ದಿನದ ಅನ್ನವೇ ತಪ್ಪಿದಂತೆ. ರೋಗವಿಲ್ಲದವನೂ ನೆರೆಹೊರೆಯವರ ಕಣ್ಣಿಗೆ ರೋಗಿಯಾಗಿಯೇ ಉಳಿಯುತ್ತಾನೆ. ಶಂಕೆಗೆ ಮದ್ದು ಖಚಿತವಾದ ವರದಿಯೊಂದೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ನರಳಿದರು. ಪುಣೆಯ ಆ ಸಂಸ್ಥೆ 1952ರಲ್ಲಿಯೇ ಸ್ಥಾಪನೆಯಾಗಿತ್ತು. ಆದುದರಿಂದಲೇ ಉಣ್ಣೆಯಿಂದ ಹರಡುವ ಹೊಸ ವೈರಾಣುವನ್ನು ಅದೇ ವರ್ಷ ಗುರುತಿಸುವುದು ಸಾಧ್ಯವಾಯಿತು. ಅದೇ ಮಂಗನ ಕಾಯಿಲೆ 2015ರಲ್ಲಿ ನಮ್ಮ ಸತ್ತರಿ ತಾಲೂಕಿನಲ್ಲಿ, ಗೇರು ತೋಟದಲ್ಲಿ ದುಡಿಯುವವರಲ್ಲಿ ಕಾಣಿಸಿಕೊಂಡಿತು. ರೋಗಕ್ಕೆ ರಾಜ್ಯದ ಗಡಿಯಿಲ್ಲ.

ಆಸ್ಪತ್ರೆಗೆ ಹಾಸಿಗೆಗಳೇ ಸಾಲದಿರುವಾಗ ಪ್ರಯೋಗಾಲಯಕ್ಕೆ ಹಣವೇಕೆ ಎಂದು ಕೆಲವರು ಕೇಳಬಹುದು. ರೋಗವನ್ನು ಬೇಗ ಗುರುತಿಸಿ ಹರಡದಂತೆ ತಡೆದರೆ ಬೇಕಾಗುವ ಹಾಸಿಗೆಗಳೇ ಕಡಿಮೆಯಾಗುತ್ತವೆಂಬುದು ನಮ್ಮ ಉತ್ತರ. ಯಂತ್ರ ಕೊಂಡು ಬಾಗಿಲಿಗೆ ಫಲಕ ಹಾಕಿದ ಮಾತ್ರಕ್ಕೆ ಪ್ರಯೋಗಾಲಯವಾಗದು. ನುರಿತ ತಂತ್ರಜ್ಞರು, ಕೆಡದಂತೆ ತಣ್ಣಗಿಟ್ಟ ರಾಸಾಯನಿಕಗಳು, ತಪ್ಪದ ವಿದ್ಯುತ್ತು, ಫಲಿತಾಂಶ ಸರಿಯೇ ಎಂಬ ಮರುಪರಿಶೀಲನೆ, ಇವೆಲ್ಲ ಪಿಡುಗಿಲ್ಲದ ವರ್ಷಗಳಲ್ಲಿಯೂ ನಡೆಯಬೇಕು. ಹೊಳೆಗೆ ನೆರೆ ಬಂದ ದಿನ ಈಜು ಕಲಿಯಲಾಗದು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಆರೋಗ್ಯ ಕೇಂದ್ರದವರು ರಕ್ತಪರೀಕ್ಷೆಗೆ ಹೇಳಿದರೆ ಹಿಂಜರಿಯಬೇಡಿ, ಜ್ವರವನ್ನು ಮುಚ್ಚಿಡಬೇಡಿ. ಮತ ಕೇಳಲು ಬಂದವರನ್ನು ರಸ್ತೆ, ನೀರಿನೊಂದಿಗೆ ಪ್ರಯೋಗಾಲಯದ ಬಗೆಗೂ ವಿಚಾರಿಸಿ. ವಿದ್ಯಾರ್ಥಿಗಳೇ, ವಿಜ್ಞಾನದ ತರಗತಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ನಿಂತಾಗ ಇದು ಪರೀಕ್ಷೆಯ ಅಂಕಗಳಿಗಷ್ಟೇ ಎಂದು ತಿಳಿಯದಿರಿ. ಕನ್ನಡ ಶಾಲೆಯಲ್ಲಿ ಕಲಿತ ನೀವೂ ನಾಳೆ ಬಾಂಬೋಳಿಯ ಆ ಮೇಜಿನ ಮುಂದೆ ಕುಳಿತು, ಯಾರದೋ ಮನೆಯ ಆತಂಕವನ್ನು ನೀಗುವವರಾಗಬೇಕೆಂಬುದು ನಮ್ಮ ಹಾರೈಕೆ.