ನಮಗೆ ಸ್ಫೂರ್ತಿ ಕೊಡುವುದು ಅವರ ಕೆಲಸವಲ್ಲ

ಅಪರೂಪದ ಕಾಯಿಲೆ ಇರುವವರೊಬ್ಬರು ತಮ್ಮ ಕಥೆ ಬರೆಯುತ್ತೇನೆ ಎಂದರೆ ಸಾಕು, ನಾವು ಹೇಳುವುದು ಒಂದೇ ಮಾತು: "ಬರೀರಿ ಮಾರಾಯ್ರೆ, ನಾಲ್ಕು ಜನರಿಗೆ ಸ್ಫೂರ್ತಿ ಆಗ್ತದೆ." ಈ ಮಾತನ್ನು ನಾವು ಬಿಡಬೇಕು.

ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುವವರ ನಡುವೆ ಎಕ್ಸ್‌ರೇ ಕವರ್ ಹಿಡಿದ ಒಬ್ಬರಾದರೂ ಇರುತ್ತಾರೆ, ಮಣಿಪಾಲಕ್ಕೆ ಹೊರಟವರು. ಆ ಕವರಿನೊಳಗೆ ಇರುವುದೆಲ್ಲ ಅವರ ಬಗ್ಗೆ ಬೇರೆಯವರು ಬರೆದದ್ದು. ಇಡೀ ಕೇರಿಗೆ ಹೀಗಾದದ್ದನ್ನು ನೋಡಬೇಕಾದರೆ ಘಟ್ಟ ಹತ್ತಬೇಕು, ಸಾಗರ ತಾಲೂಕಿನ ಹಂದಿಗೋಡಿಗೆ.

ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಸವೆಸಿ ನಡೆಯಲಾಗದಂತೆ ಮಾಡುವ ಕಾಯಿಲೆ 1970ರ ದಶಕದಲ್ಲಿ ಹೊರಗಿನವರ ಕಣ್ಣಿಗೆ ಬಿತ್ತು. ಮೊದಲು ಗದ್ದೆಯ ಏಡಿ ಮತ್ತು ಕೀಟನಾಶಕದ ಮೇಲೆ ಅನುಮಾನ ಬಂತು. ಆಮೇಲೆ ಇದು ವಂಶವಾಹಿಯಲ್ಲಿ ಬರುವ ಮೂಳೆಯ ಕಾಯಿಲೆ ಎಂದರು. ಕಾಯಿಲೆಗೆ ಊರಿನ ಹೆಸರೇ ಅಂಟಿತು. ವೈದ್ಯರು ಬರೆಯುವ ವಂಶದ ನಕ್ಷೆಯಲ್ಲಿ ಗಂಡಸೆಂದರೆ ಚೌಕ, ಹೆಂಗಸೆಂದರೆ ವೃತ್ತ. ಕಾಯಿಲೆ ಇದ್ದರೆ ಒಳಗೆ ಕಪ್ಪು. ಪತ್ರಿಕೆಯವರು ಹೋದರೆ ಊರುಗೋಲಿನ ಫೋಟೋ. ನಾನು ಓದಿದ್ದೆಲ್ಲ ಇಷ್ಟೇ.

ಬಗ್ಗಲಾಗದ ಸೊಂಟದಲ್ಲಿ ನಾಟಿ ಮಾಡುವುದು ಹೇಗೆ? ರಾತ್ರಿ ಹೊರಗೆ ಹೋಗಬೇಕಾದರೆ ಯಾರನ್ನು ಎಬ್ಬಿಸಬೇಕು? ರಕ್ತ ತೆಗೆದುಕೊಂಡು ಹೋದವರು ತಿರುಗಿ ಬಂದು ಫಲಿತಾಂಶ ಹೇಳಿದರೇ? ಇದನ್ನು ಚೌಕವೂ ಹೇಳುವುದಿಲ್ಲ, ಫೋಟೋವೂ ಹೇಳುವುದಿಲ್ಲ. ಅನುಭವಿಸಿದವರೇ ಬರೆಯಬೇಕು, ಬೈಗುಳ ಬಂದರೆ ಬೈಗುಳವನ್ನೂ ಸೇರಿಸಿ. ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಬಡತನದ ಬಗ್ಗೆ ಬರೆದೂ ನಗಿಸಿದರು. ಕರುಣೆ ತೋರಿಸಿ ಎಂದು ಯಾರನ್ನೂ ಕೇಳಲಿಲ್ಲ.

"ಬರೆದರೆ ತಂಗಿಗೆ ಗಂಡು ಸಿಗುವುದಿಲ್ಲ" ಎನ್ನುವವರಿದ್ದಾರೆ. ಆ ಹೆದರಿಕೆ ಸುಳ್ಳಲ್ಲ. ವಂಶದ ಕಾಯಿಲೆ ಎಂದರೆ ನಮ್ಮ ಕರಾವಳಿಯಲ್ಲೂ ಸಂಬಂಧ ಮುರಿಯುತ್ತದೆ. ಹೆಸರು ಬದಲಿಸಲಿ, ಬರೆದು ಪೆಟ್ಟಿಗೆಯಲ್ಲಿ ಇಡಲಿ, ಬೇಡವೆನಿಸಿದರೆ ಬರೆಯದೇ ಇರಲಿ. ಅದು ಅವರ ತೀರ್ಮಾನ. ಬೆರಳು ಆಡದಿದ್ದರೆ ಫೋನಿಗೆ ಹೇಳಿದರೂ ಅಕ್ಷರವಾಗುತ್ತದೆ, ತಮ್ಮ ಮನೆಯ ಮಾತಲ್ಲೇ ಹೇಳಲಿ. ತಿದ್ದುವ ಹೆಸರಿನಲ್ಲಿ ನಾವು, ಪತ್ರಿಕೋದ್ಯಮ ಓದಿದವರು, ಅದನ್ನು ಸಿಹಿ ಮಾಡದಿದ್ದರೆ ಸಾಕು.

ಮೂಳೆ ಕಾಯಿಲೆಯ ಹುಡುಗಿಯೊಬ್ಬಳು ಹಿಂದೆ ನನಗೆ ನಾಲ್ಕು ಪುಟ ಕಳಿಸಿದ್ದಳು. ಅದರ ತುಂಬ ಸಿಟ್ಟು. "ಕೊನೆಗೆ ಸ್ವಲ್ಪ ಪಾಸಿಟಿವ್ ಆಗಿ ಬರಿ" ಎಂದು ವಾಪಸ್ ಕಳಿಸಿದೆ. ಅವಳು ಮತ್ತೆ ಕಳಿಸಲಿಲ್ಲ. ಆ ನಾಲ್ಕು ಪುಟವನ್ನು ನಾನು ಉಳಿಸಿಕೊಂಡೂ ಇಲ್ಲ.